ತುದಿಗಾಲಿನ ನೀಲಾಂಬಿಕೆ

ಶೆಟ್ಟಿಹಳ್ಳಿಯ ಎರಡನೇ ಅಡ್ಡರಸ್ತೆಯಲ್ಲಿ ಸದಾಶಿವಯ್ಯನವರ ಭಾನುವಾರದ ನಿದ್ದೆಯನ್ನು ಅರಿಯದವರಿರಲಿಲ್ಲ. ಮುದ್ದೆ ಊಟ ಮುಗಿಸಿ, ಎರಡು ಎಲೆ ಹಾಕಿಕೊಂಡು, ನಡುಮನೆಯಲ್ಲಿ ಚಾಪೆ ಬಿಡಿಸಿ ಅವರು ಅಡ್ಡಾದರೆಂದರೆ ಬೀದಿಯ ನಾಯಿ ಕೂಡ ಬೊಗಳುವ ಮುಂಚೆ ಒಂದು ಸಲ ಯೋಚನೆ ಮಾಡುತ್ತಿತ್ತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಅವರು ತೂಕ ಮತ್ತು ಅಳತೆ ಇಲಾಖೆಯ ಗುಮಾಸ್ತರು. ವಾರವೆಲ್ಲ ಪಾವಗಡ, ಮಧುಗಿರಿ, ಸಿರಾ ಎಂದು ಕ್ಯಾಂಪು. ಸಂತೆಯಿಂದ ಸಂತೆಗೆ ತಿರುಗಿ ತಕ್ಕಡಿ ನೋಡುವುದು, ತೂಕದ ಬಟ್ಟುಗಳಿಗೆ ಸರ್ಕಾರದ ಮುದ್ರೆ ಒತ್ತುವುದು. ಶನಿವಾರ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೆ ಭಾನುವಾರ ಸಂಜೆ ಐದರ ಬಸ್ಸಿಗೆ ಮತ್ತೆ ಹೊರಡಬೇಕು. ನಡುವೆ ಉಳಿಯುವ ಸಮಯದಲ್ಲಿ ಮನುಷ್ಯ ಮಲಗದೆ ಮತ್ತೇನು ಮಾಡಿಯಾನು?

ಆದರೆ ಅದು ಪೂರಾ ನಿದ್ದೆಯೂ ಅಲ್ಲ. ಅದರಲ್ಲಿ ಮುಕ್ಕಾಲು ಪಾಲು ಕನಸು, ಕಾಲು ಪಾಲು ನಿದ್ದೆ. ಅಳತೆ ಇಲಾಖೆಯವರಾದ್ದರಿಂದ ಈ ಲೆಕ್ಕವನ್ನು ಅವರೇ ಕೊಟ್ಟಿದ್ದು. ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಹೆಂಚಿನ ನಡುವಿನ ಗಾಜಿನಿಂದ ಬಿಸಿಲು ಇಳಿದು ಕೆಂಪು ನೆಲದ ಮೇಲೆ ಚೌಕವಾಗಿ ಕೂರುತ್ತಿತ್ತು, ಅದರೊಳಗೆ ಧೂಳಿನ ಕಣಗಳು ಅವಸರವಿಲ್ಲದೆ ಮೇಲೆ ಕೆಳಗೆ ಆಡುತ್ತಿದ್ದವು, ಅಡಿಗೆಮನೆಯಲ್ಲಿ ಹೆಂಡತಿ ಹೊಂಬಾಳಮ್ಮ ಪಾತ್ರೆ ಇಡುವ ಸದ್ದು ಬೇರೆ ಯಾವುದೋ ಊರಿನಿಂದ ಬಂದಂತೆ ಕೇಳುತ್ತಿತ್ತು. ಆ ಹೊತ್ತಿನಲ್ಲಿ ಸದಾಶಿವಯ್ಯನವರು ಎಲ್ಲಿ ಬೇಕಾದರೂ ಹೋಗಿ ಬರುತ್ತಿದ್ದರು. ಒಂದು ಸಲ ಹಿಮಾಲಯಕ್ಕೂ ಹೋಗಿ ಅಲ್ಲಿನ ಹಿಮವನ್ನು ತೂಕ ಮಾಡಿ ಬಂದಿದ್ದರು.

ಎಪ್ಪತ್ತೊಂಬತ್ತನೇ ಇಸವಿಯ ಶ್ರಾವಣದ ಒಂದು ಭಾನುವಾರ ಅವರು ರಷ್ಯಾ ದೇಶಕ್ಕೆ ಹೋದರು. ಆ ಕಾಲದಲ್ಲಿ ಆ ದೇಶದಿಂದ ಕನ್ನಡದಲ್ಲೇ ಅಚ್ಚಾಗಿ, ನುಣುಪಾದ ಕಾಗದದ ಬಣ್ಣದ ಪತ್ರಿಕೆಯೊಂದು ಅಂಚೆಯಲ್ಲಿ ಬರುತ್ತಿತ್ತು. ಬಹಳ ಮನೆಗಳಲ್ಲಿ ಅದನ್ನು ತರಿಸುತ್ತಿದ್ದದ್ದು ಮಕ್ಕಳ ಪುಸ್ತಕಗಳಿಗೆ ರಟ್ಟು ಹಾಕುವುದಕ್ಕೆ. ಸದಾಶಿವಯ್ಯನವರು ಮಾತ್ರ ಓದಿಯೂ ಓದುತ್ತಿದ್ದರು. ಅಂದು ಮಲಗುವ ಮುಂಚೆ ಅವರು ನೋಡಿದ ಪುಟದಲ್ಲಿ ಬಿಳಿಯ ಲಂಗ ತೊಟ್ಟ ಪುಟ್ಟ ಹುಡುಗಿಯರ ಸಾಲೊಂದಿತ್ತು. ಎಲ್ಲರೂ ಕಾಲ್ಬೆರಳ ತುದಿಯ ಮೇಲೆ ನಿಂತಿದ್ದರು. ಅದು ಬ್ಯಾಲೆ ಎಂಬ ನೃತ್ಯವಂತೆ. ಅಲ್ಲಿಯ ಮಕ್ಕಳು ಅದನ್ನು ಎಳವೆಯಲ್ಲೇ ಶುರು ಮಾಡುತ್ತಾರಂತೆ. ಪುಟದ ಕೊನೆಗೆ ದಪ್ಪ ಅಕ್ಷರದಲ್ಲಿ ಒಂದು ಪ್ರಶ್ನೆ: ‘ನಿಮ್ಮ ಮಗು ಬ್ಯಾಲೆಗೆ ಸಿದ್ಧವಾಗಿದೆಯೆಂದು ತಿಳಿಯುವುದು ಹೇಗೆ? ಮುಂದಿನ ಪುಟ ನೋಡಿ.’ ಮುಂದಿನ ಪುಟ ನೋಡುವಷ್ಟರಲ್ಲಿ ರೆಪ್ಪೆ ಇಳಿಯಿತು. ಪತ್ರಿಕೆ ಎದೆಯ ಮೇಲೆ ಬಿತ್ತು.

ಎಷ್ಟು ಹೊತ್ತಾಯಿತೋ. ಅರೆಗಣ್ಣಿನಲ್ಲಿ ನೋಡುತ್ತಾರೆ, ಬಿಸಿಲಿನ ಚೌಕದೊಳಕ್ಕೆ ಒಂದು ಪುಟ್ಟ ಪಾದ ಇಳಿಯಿತು. ಹಿಮ್ಮಡಿ ನೆಲ ಮುಟ್ಟಿಲ್ಲ. ಎರಡೂ ಕೈ ಪಕ್ಕಕ್ಕೆ ಚಾಚಿಕೊಂಡು, ಉಸಿರು ಬಿಗಿಹಿಡಿದು, ಕಾಲ್ಬೆರಳ ತುದಿಯಲ್ಲೇ ಒಂದೊಂದು ಹೆಜ್ಜೆ ಇಡುತ್ತ ಅವರ ಮಗಳು ನೀಲಾಂಬಿಕೆ ನಡುಮನೆಯನ್ನು ದಾಟುತ್ತಿದ್ದಳು. ಕಾಲಂದುಗೆ ಒಂದು ಸಲವೂ ಗಲ್ ಎನ್ನಲಿಲ್ಲ. ಕಣದ ಜೊತೆ ಕಣವಾಗಿ ಬೆಳಕಿನಲ್ಲಿ ತೇಲಿ, ಆ ಕಡೆಯ ಗೋಡೆ ಮುಟ್ಟಿ, ಹಿಂತಿರುಗಿ ತಂದೆಯ ಮುಖವನ್ನೊಮ್ಮೆ ನೋಡಿ, ಮತ್ತೆ ಹಾಗೇ ಬಂದು ಚಾಪೆಯ ಪಕ್ಕ ಕೂತಳು.

ಇದು ಕನಸಲ್ಲ. ಕನಸಿನಲ್ಲಿ ಹೆಂಡತಿ ಹಾಗಲಕಾಯಿ ಹೆಚ್ಚುವ ವಾಸನೆ ಬರುವುದಿಲ್ಲ. ಯಾರೂ ಹೇಳಿಕೊಡದೆ, ಯಾರೂ ತೋರಿಸದೆ, ಶೆಟ್ಟಿಹಳ್ಳಿಯ ಬಾಡಿಗೆ ಮನೆಯಲ್ಲಿ ಬ್ಯಾಲೆ ತಾನಾಗಿ ಹುಟ್ಟಿತ್ತು!

ದಡಬಡಿಸಿ ಎದ್ದರು. ಮಗಳು ಬೆಚ್ಚಿ ನೋಡುತ್ತಿರುವಂತೆಯೇ ಪತ್ರಿಕೆಯ ಮುಂದಿನ ಪುಟ ತಿರುವಿದರು. ಇರಲಿಲ್ಲ. ಕತ್ತರಿ ಆಡಿಸಿದ ಗುರುತು ಮಾತ್ರ ಇತ್ತು.

“ಇವ್ಳೇ, ಇದರೊಳಗಿನ ಹಾಳೆ ಏನ್ ಮಾಡ್ದೆ?”

“ಉಪ್ಪಿನಕಾಯಿ ಜಾಡಿ ಕೆಳಗೆ ಹಾಕಿದೀನಿ. ಯಾಕೆ, ಆಫೀಸಿಂದಾ?” ಎಂದರು ಹೊಂಬಾಳಮ್ಮ.

ಜಾಡಿ ಎತ್ತಿ ಹಾಳೆ ತೆಗೆದರು. ‘ಮಗು ಸಿದ್ಧವಾಗಿದೆಯೆಂದು ತಿಳಿಯಲು ಮೂರು ಗುರುತುಗಳುಂಟು. ಮೊದಲನೆಯದಾಗಿ...’ ಎಂಬಲ್ಲಿಂದ ಎಣ್ಣೆಯ ದುಂಡು ಕಲೆ ಶುರುವಾಗಿ, ‘...ಹೀಗಿದ್ದಲ್ಲಿ ತಡ ಮಾಡದೆ ಶಾಲೆಗೆ ಸೇರಿಸಬಹುದು’ ಎಂಬಲ್ಲಿಗೆ ಮುಗಿದಿತ್ತು. ಬೆಳಕಿಗೆ ಹಿಡಿದರು, ಬೂದಿ ಉಜ್ಜಿದರು, ಮೂಸಿ ಕೂಡ ನೋಡಿದರು. ಅದು ಮಾವಿನ ಮಿಡಿ ಎಂಬುದೊಂದು ಬಿಟ್ಟು ಬೇರೇನೂ ತಿಳಿಯಲಿಲ್ಲ. ಜಗತ್ತಿನ ಎಲ್ಲದಕ್ಕೂ ಒಂದು ಅಳತೆ ಇದೆಯೆಂದು ನಂಬಿ ಹನ್ನೊಂದು ವರ್ಷ ಸರ್ವಿಸ್ ಮಾಡಿದ ಮನುಷ್ಯನಿಗೆ, ತನ್ನ ಮಗಳ ಅಳತೆಯೇ ಉಪ್ಪಿನಕಾಯಿ ಪಾಲಾದದ್ದಕ್ಕೆ ಬಹಳ ನೋವಾಯಿತು.

ಆದರೂ ಅವರು ಕೈಕಟ್ಟಿ ಕೂರಲಿಲ್ಲ. ಬೆಂಗಳೂರಿನಲ್ಲಿದ್ದ ತಂಗಿ ಗಂಗಾಂಬಿಕೆಗೆ ಕಾಗದ ಬರೆದರು. ಹದಿನೈದು ದಿನಕ್ಕೆ ಉತ್ತರ ಬಂತು. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಒಬ್ಬ ವಯಸ್ಸಾದ ವಿದೇಶದ ಹೆಂಗಸು ಈ ನಾಟ್ಯ ಹೇಳಿಕೊಡುತ್ತಾಳೆ, ವಿಜಯದಶಮಿಯ ದಿನ ಹೊಸ ಮಕ್ಕಳನ್ನು ಸೇರಿಸಿಕೊಳ್ಳುತ್ತಾಳೆ, ಆದರೆ ‘ಸಿದ್ಧವಾದ ಮಕ್ಕಳನ್ನು ಮಾತ್ರ’ ಎಂದು ಕಟ್ಟುನಿಟ್ಟಾಗಿ ಹೇಳಿದ್ದಾಳೆ. ‘ನನಗಂತೂ ಹೆಣ್ಣುಮಗುವಿಲ್ಲ ಅಣ್ಣ. ನೀಲಿ ನಮ್ಮ ಮನೆಯಲ್ಲೇ ಇದ್ದು ಕಲಿಯಲಿ. ಬೇಸಿಗೆ ರಜಕ್ಕೆ ಬಂದು ಕರೆದುಕೊಂಡು ಹೋಗುವಿಯಂತೆ.’

ಸದಾಶಿವಯ್ಯನವರು ಕಾಗದ ಮಡಿಸುವ ಮುಂಚೆಯೇ ತುದಿಗಾಲಲ್ಲಿ ನಿಂತಿದ್ದರು. ಹೊಂಬಾಳಮ್ಮ ಗೋಡೆಗೆ ಒರಗಿ ಕೂತುಬಿಟ್ಟರು.

“ಅದಕ್ಕೆ ಇನ್ನೂ ಐದು ತುಂಬಿಲ್ಲ ಕಣ್ರೀ. ತಾನಾಗಿ ಮೂಗು ಒರೆಸ್ಕೊಳ್ಳೋಕೆ ಬರಲ್ಲ.”

“ಐದು ತುಂಬಿದೆ.”

“ನಾಲ್ಕೂ ಮುಕ್ಕಾಲು. ಹೆತ್ತೋಳು ನಾನೋ ನೀವೋ? ನೀವು ಆವತ್ತು ಮಧುಗಿರೀಲಿದ್ರಿ.”

ಸದಾಶಿವಯ್ಯನವರು ನಿಜವಾಗಿಯೂ ಅಂದು ಮಧುಗಿರಿಯಲ್ಲೇ ಇದ್ದರು. ಕೊನೆಗೆ ಹೊಂಬಾಳಮ್ಮನೇ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಮಾತು ಕೊಟ್ಟರು: ಬಲ್ಲವರು ಯಾರಾದರೂ ಮಗುವನ್ನು ಕಣ್ಣಾರೆ ನೋಡಿ ‘ಆಗಬಹುದು’ ಅಂದರೆ ತಾನು ತುಟಿ ಪಿಟಕ್ಕೆನ್ನುವುದಿಲ್ಲ. ಹಾಗೆ ಶೆಟ್ಟಿಹಳ್ಳಿಯಲ್ಲಿ ಬಲ್ಲವರ ಹುಡುಕಾಟ ಶುರುವಾಯಿತು. ಬಲ್ಲವರಿಗೇನು ಬರ?

ಎದುರು ಮನೆಯ ಲಕ್ಷ್ಮೀನರಸಿಂಹಯ್ಯನವರು ಮೂವತ್ತೊಂದು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಹೆಡ್ಮಾಸ್ತರಾಗಿದ್ದು ನಿವೃತ್ತರಾದವರು. ಹುಟ್ಟಿದ ತಾರೀಖು ಗೊತ್ತಿಲ್ಲದ ಸಾವಿರಾರು ಮಕ್ಕಳನ್ನು ಅವರು ಒಂದೇ ಪರೀಕ್ಷೆಯಲ್ಲಿ ಒಂದನೇ ಕ್ಲಾಸಿಗೆ ಸೇರಿಸಿಕೊಂಡಿದ್ದರು. ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಸ್ಕೂಲು, ಮುಟ್ಟದಿದ್ದರೆ ಇನ್ನೊಂದು ವರ್ಷ ಗೋಲಿ ಆಟ. ಸದಾಶಿವಯ್ಯನವರೂ ಒಂದು ಕಾಲಕ್ಕೆ ಹಾಗೆ ಕಿವಿ ಮುಟ್ಟಿಯೇ ವಿದ್ಯಾವಂತರಾದವರು.

ನೀಲಿ ಕೈ ಬಳಸಿದಳು. ಬೆರಳು ಕಿವಿಯ ಮೇಲ್ತುದಿಗಿಂತ ಒಂದು ಗೋಧಿಕಾಳಿನಷ್ಟು ಹಿಂದೆ ನಿಂತಿತು.

“ಫೇಲು,” ಎಂದರು ಹೊಂಬಾಳಮ್ಮ ಬಾಗಿಲ ಮರೆಯಿಂದ.

“ತಡೀರಮ್ಮ,” ಎಂದು ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರು ಒರೆಸುತ್ತಿದ್ದಾರೆಂದರೆ ಹೊಸ ಸಿದ್ಧಾಂತವೊಂದು ಹುಟ್ಟುತ್ತಿದೆ ಎಂದೇ ಅರ್ಥ. “ಇದು ಅಕ್ಷರಕ್ಕೆ ಇಟ್ಟಿರೋ ಪರೀಕ್ಷೆ. ಅಕ್ಷರ ಬರೆಯೋದು ಕೈಯಲ್ಲಿ, ಅದಕ್ಕೇ ಕೈ ಕಿವಿಗೆ ಹೋಗ್ಬೇಕು. ನಿಮ್ಮ ವಿದ್ಯೆ ಕಾಲಿಂದು. ಹಾಗಾದ್ರೆ ನ್ಯಾಯವಾಗಿ ಕಿವಿಗೆ ಹೋಗ್ಬೇಕಾದ್ದು ಯಾವುದು?”

ಸದಾಶಿವಯ್ಯನವರಿಗೆ ಆ ತರ್ಕ ಎಷ್ಟು ಸ್ವಚ್ಛವಾಗಿ ಕಂಡಿತೆಂದರೆ ಅವರು ಕೈ ಮುಗಿದರು. ನೀಲಿ ಮಾತ್ರ ಯಾವ ಆತಂಕವೂ ಇಲ್ಲದೆ ನೆಲದ ಮೇಲೆ ಕೂತು, ಬಲಗಾಲನ್ನೆತ್ತಿ ಹೆಬ್ಬೆರಳಿನಿಂದ ಎಡಗಿವಿಯನ್ನು ಕೆರೆದುಕೊಂಡು, “ಇನ್ನೊಂದ್ ಕಾಲೂನಾ?” ಎಂದು ಕೇಳಿದಳು.

“ಪಾಸ್!” ಎಂದು ಮೇಷ್ಟ್ರು ತೊಡೆ ತಟ್ಟಿದರು. “ಫಸ್ಟ್ ಕ್ಲಾಸ್!”

“ಎಲ್ಲಾ ಮಕ್ಕಳೂ ಮಾಡ್ತವೆ ಅದನ್ನ,” ಎಂದರು ಹೊಂಬಾಳಮ್ಮ.

“ಎಲ್ಲಾರೂ ಎಲ್ಲಿ ಮಾಡ್ತಾರೆ?” ಎಂದು ಸದಾಶಿವಯ್ಯನವರು ವಿಷಯ ಸಾಬೀತು ಮಾಡಲು ತಾವೇ ಕೂತು ಕಾಲೆತ್ತಿದರು. ಕಾಲು ಎದೆಯ ತನಕ ಬಂತು. ಅಲ್ಲಿಂದ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಮೇಷ್ಟ್ರು, ಹೊಂಬಾಳಮ್ಮ ಇಬ್ಬರೂ ಸೇರಿ ಹರಳೆಣ್ಣೆ ಹಚ್ಚಿ ಬಿಡಿಸುವ ಹೊತ್ತಿಗೆ ಐದರ ಬಸ್ಸು ಹೊರಡುವುದರಲ್ಲಿತ್ತು. ಆ ವಾರ ಪೂರ್ತಿ ಅವರು ಪಾವಗಡದ ಕಡೆಯ ಸಂತೆಗಳಲ್ಲಿ ಕುಂಟುತ್ತಲೇ ಮುದ್ರೆ ಒತ್ತಿದರು. ಮಧ್ಯಾಹ್ನದ ಮಂಪರಿನಲ್ಲಿ ಹಿತ್ತಾಳೆಯ ಬಟ್ಟುಗಳೆಲ್ಲ, ಕಿಲೋದಿಂದ ಗ್ರಾಮಿನ ತನಕ, ಬಿಳಿ ಲಂಗ ಉಟ್ಟು ತಕ್ಕಡಿಯ ತಟ್ಟೆಯಲ್ಲಿ ತುದಿಗಾಲಲ್ಲಿ ನಿಂತಂತೆ ಕಂಡವು. ಒಂದು ಗ್ರಾಮಿನ ಬಟ್ಟು ಥೇಟ್ ನೀಲಿಯ ಹಾಗೇ ಇತ್ತು.

ಒಂದು ತೊಡಕು ಉಳಿದಿತ್ತು. ಯಾರಾದರೂ ನೋಡುತ್ತಿರುವಾಗ “ನಡಿಯಮ್ಮ ನೀಲಿ, ಆವತ್ತಿನ ಹಾಗೆ” ಎಂದರೆ ಆಕೆ ಇಡೀ ಪಾದ ಊರಿ, ಅಂದುಗೆ ಗಲಗಲ ಎನ್ನಿಸಿಕೊಂಡು, ಪೊಲೀಸಿನವರ ಹಾಗೆ ನಡೆಯುತ್ತಿದ್ದಳು. ಸದಾಶಿವಯ್ಯನವರು ಕಣ್ಣು ಮುಚ್ಚಿ ಮಲಗಿದಾಗ ಮಾತ್ರ ಅದು ಹೊರಬರುತ್ತಿತ್ತು. ಮೂರು ಭಾನುವಾರ ಅವರು ಇದನ್ನು ಪರೀಕ್ಷಿಸಿ ಖಚಿತಪಡಿಸಿಕೊಂಡರು. ನಿಜವಾದ ಕಲಾವಿದರು ಸಂಕೋಚದ ಪ್ರಾಣಿಗಳು ಎಂದು ಎಲ್ಲೋ ಓದಿದ್ದರು. ಕಲೆ ನೋಡಬೇಕಾದರೆ ನೋಡುವವರೆಲ್ಲ ಮಲಗಬೇಕು, ಬೇರೆ ದಾರಿಯಿಲ್ಲ.

ಈ ಮಧ್ಯೆ ಹೊಂಬಾಳಮ್ಮ ತಮ್ಮ ತವರೂರಾದ ಕುಣಿಗಲ್ಲಿಗೆ ಹೇಳಿ ಕಳಿಸಿ ಕದರಯ್ಯನನ್ನು ಕರೆಸಿದ್ದರು. ಕದರಯ್ಯ ಅಲ್ಲಿಯ ಕುದುರೆ ಫಾರಂನಲ್ಲಿ ಇಪ್ಪತ್ತು ವರ್ಷದಿಂದ ಮರಿಗಳನ್ನು ನೋಡಿಕೊಳ್ಳುತ್ತಿದ್ದ ಮನುಷ್ಯ. ಯಾವ ಮರಿ ಯಾವಾಗ ಓಟ ಕಲಿಯಲು ತಯಾರು ಎಂಬುದನ್ನು ಮಂಡಿ ಮುಟ್ಟಿಯೇ ಹೇಳುತ್ತಿದ್ದ. ಇವನು ‘ಇನ್ನೂ ಎಳೇದು’ ಎಂದು ಹೇಳಿಯೇ ಹೇಳುತ್ತಾನೆ ಎಂಬ ಧೈರ್ಯ ಆಕೆಗಿತ್ತು. ಕದರಯ್ಯ ನೀಲಿಯ ಹಲ್ಲು ನೋಡಿದ, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದ, ಮಂಡಿಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿಕೊಂಡ.

“ಮಂಡಿ ಇನ್ನೂ ಮುಚ್ಕೊಂಡಿಲ್ಲ ಸ್ವಾಮಿ, ಮೂಳೆ ಎಳೇದು. ಈಗ್ಲೇ ಓಡ್ಸುದ್ರೆ ಕಾಲು ಕೆಟ್ಟೋಯ್ತದೆ.”

ಹೊಂಬಾಳಮ್ಮನ ಮುಖ ಅರಳಿತು.

“ಆದ್ರೆ ತುದಿಬೆರಳಲ್ಲಿ ನಡೀತದೆ ಅಂತೀರಲ್ಲ, ಅದು ಒಳ್ಳೆ ಜಾತಿ ಲಕ್ಷಣ. ಕುದ್ರೆ ನಡಿಯೋದೇ ಬೆರಳ ತುದೀಲಿ. ಗೊರಸು ಅಂದ್ರೆ ಅದರ ಉಗುರು ಕಣ್ರಪ್ಪ.”

ಸದಾಶಿವಯ್ಯನವರ ಮುಖ ಅರಳಿತು.

“ಮರೀನ ತಾಯಿಂದ ಬಿಡಿಸ್ತೀರಲ್ಲ, ಎಷ್ಟು ತಿಂಗಳಿಗೆ?” ಎಂದು ಹೊಂಬಾಳಮ್ಮ ಮೆಲ್ಲಗೆ ಕೇಳಿದರು.

“ಆರು ತಿಂಗಳಿಗವ್ವ. ಮರೀನ ಆಚೆ ಲಾಯಕ್ಕೆ ಹೊಡ್ಕೊಂಡೋಯ್ತೀವಿ. ಮೂರು ದಿನ ತಾಯಿ ಬೇಲಿ ತಾವ ನಿಂತ್ಕೊಂಡು ಕೂಗ್ತದೆ. ಹುಲ್ಲು ಮುಟ್ಟಕಿಲ್ಲ, ನೀರು ಮುಟ್ಟಕಿಲ್ಲ. ಆಮ್ಯಾಕೆ ಸುಮ್ಕಾಯ್ತದೆ.”

“ಮತ್ತೆ ತಂದೆ?” ಎಂದರು ಸದಾಶಿವಯ್ಯನವರು, ಏನೋ ಕೇಳಬೇಕೆಂದು.

“ತಂದೆಗೆ ಮರಿ ಹುಟ್ಟಿರೋದೇ ಗೊತ್ತಿರಕಿಲ್ಲ, ಬುಡಿ ಸ್ವಾಮಿ,” ಎಂದು ಕದರಯ್ಯ ಎಲೆಗೆ ಸುಣ್ಣ ಹಚ್ಚಿದ.

ಹೊಂಬಾಳಮ್ಮ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋದರು. ಇತ್ತ ಮೇಷ್ಟ್ರನ್ನೂ ಕರೆದು, ಮೂರು ಚಾಪೆಗಳನ್ನು ನಡುಮನೆಯಲ್ಲಿ ಸಾಲಾಗಿ ಹಾಸಲಾಯಿತು. ಮೂವರೂ ಅಂಗಾತ ಮಲಗಿದರು. ಕಣ್ಣು ಮುಕ್ಕಾಲು ಮುಚ್ಚಿರಬೇಕು, ಕಾಲು ಭಾಗ ತೆರೆದಿರಬೇಕು ಎಂದು ಸದಾಶಿವಯ್ಯನವರು ಅಳತೆ ಕೊಟ್ಟರು. ಮೇಷ್ಟ್ರು ಎರಡು ನಿಮಿಷದಲ್ಲಿ ನಾಲ್ಕು ಕಾಲೂ ಮುಚ್ಚಿ ನಿದ್ದೆಹೋದರು. ಬಿಸಿಲಿನ ಚೌಕ ನೆಲದ ಮೇಲೆ ತೆವಳುತ್ತಿತ್ತು. ಹೊರಗೆ ಬೇವಿನ ಮರದಲ್ಲಿ ಗಾಳಿ ಹಾಯಿತು. ಆಗ ನೀಲಿ ಬಾಗಿಲಲ್ಲಿ ಕಾಣಿಸಿಕೊಂಡಳು. ಮಲಗಿದ್ದ ಮೂವರನ್ನೂ ಎಣಿಸಿ, ಲಂಗವನ್ನು ಮಂಡಿಯ ತನಕ ಎತ್ತಿ ಹಿಡಿದು, ತುದಿಬೆರಳ ಮೇಲೆ ನಿಂತಳು. ಒಂದು ಚಾಪೆಯಿಂದ ಇನ್ನೊಂದು ಚಾಪೆಯ ಸಂದಿಗೆ, ಮೇಷ್ಟ್ರ ಹೊಟ್ಟೆಯನ್ನು ಬಳಸಿ, ಕದರಯ್ಯನ ತೋಳನ್ನು ದಾಟಿ, ಸದ್ದೇ ಇಲ್ಲದೆ ಹೋಗುತ್ತಿದ್ದ ಆ ಮಗುವನ್ನು ನೋಡಿ ಕದರಯ್ಯ ಬಾಯೊಳಗಿನ ಎಲೆ ಅಗಿಯುವುದನ್ನು ಮರೆತ. ಸದಾಶಿವಯ್ಯನವರಿಗೆ ಎದೆ ತುಂಬಿ ಬಂತು. ಆ ಗಳಿಗೆ ಹಾಗೇ ನಿಂತುಬಿಡಬಾರದೇ ಎನಿಸಿತು.

ಅದು ನಿಲ್ಲಲಿಲ್ಲ, ಯಾಕೆಂದರೆ ಅದೇ ಹೊತ್ತಿಗೆ ಹಾಲಿನ ಚಿಕ್ಕಮಾರಮ್ಮ ಬಾಗಿಲಿಗೆ ಬಂದಳು. ನಡುಮನೆಯಲ್ಲಿ ಮೂರು ಗಂಡಸರು ಸಾಲಾಗಿ ಅಂಗಾತ ಬಿದ್ದಿದ್ದಾರೆ, ಇಬ್ಬರ ಕಣ್ಣು ಅರ್ಧ ತೆರೆದಿದೆ, ಒಬ್ಬನ ಬಾಯಿಂದ ಕೆಂಪಗೆ ಸೋರುತ್ತಿದೆ, ಪಾಪ ಮಗುವೊಂದು ಅವರ ನಡುವೆ ಓಡಾಡುತ್ತಿದೆ. ಹಾಲಿನ ಕ್ಯಾನು ಕೈಬಿಟ್ಟಿತು.

“ಬನ್ರಪ್ಪೋ! ಸದಾಶಿವಯ್ಯನೋರ ಮನೇಲಿ ಮೂರು ಹೆಣ ಬಿದ್ದವೆ! ಏನ್ ತಿಂದ್ರೋ, ಯಾರ್ ಮದ್ದು ಹಾಕುದ್ರೋ!”

ಎರಡನೇ ಅಡ್ಡರಸ್ತೆಯೆಲ್ಲ ಒಳಗೆ ನುಗ್ಗಿತು. ‘ಹುರುಳಿ ಸಾರು ಹಳಸಿತ್ತಂತೆ’ ಎಂದು ಒಬ್ಬರು, ‘ಅಣಬೆಯಂತೆ’ ಎಂದು ಇನ್ನೊಬ್ಬರು. ಯಾರೋ ಒಂದು ಬಿಂದಿಗೆ ನೀರು ತಂದು ಮೊದಲು ಸಿಕ್ಕ ಮುಖಕ್ಕೆ ಹೊಯ್ದರು. ಅದು ಮೇಷ್ಟ್ರದು. ನಿಜವಾಗಿಯೂ ನಿದ್ದೆಹೋಗಿದ್ದ ಅವರೊಬ್ಬರು “ಸೈಲೆನ್ಸ್!” ಎಂದು ಗರ್ಜಿಸುತ್ತ ಎದ್ದು ಕೂತರು. ಹೆಣ ಎದ್ದಿತೆಂದು ಬಂದವರಲ್ಲಿ ಅರ್ಧ ಜನ ವಾಪಸ್ಸು ಓಡಿದರು. ಹಿತ್ತಿಲಿನಿಂದ ಒದ್ದೆ ಸೀರೆ ಹಿಡಿದುಕೊಂಡು ಬಂದ ಹೊಂಬಾಳಮ್ಮ ಎಲ್ಲರನ್ನೂ ನೋಡಿ, “ನೋಡೋಕೆ ಮಲಗಿದ್ರು ಕಣ್ರವ್ವ,” ಎಂದು ಹೇಳಿದ್ದು ಯಾರಿಗೂ ಅರ್ಥವಾಗಲಿಲ್ಲ. ಮುಂದಿನ ಮೂರು ದಿನ ಆ ಮನೆಗೆ ಬೀದಿಯವರೆಲ್ಲ ಮೆಣಸಿನ ಸಾರು ಕಳಿಸಿದರು.

ಗದ್ದಲವೆಲ್ಲ ಇಳಿದ ಮೇಲೆ ನೀಲಿ ರಾಗಿ ಡಬ್ಬದ ಹಿಂದೆ ಸಿಕ್ಕಳು. ಅತ್ತು ಅತ್ತು ಮುಖ ಊದಿತ್ತು.

“ಅಪ್ಪ ಎದ್ಬುಟ್ರಾ?” ಎಂದು ಕೇಳಿದಳು.

“ಎದ್ದೆ ಕಣಮ್ಮ, ಎದ್ದೆ! ಎಂಥಾ ನಡಿಗೆ ನಡೆದೆ ನೀನು!” ಎಂದು ಸದಾಶಿವಯ್ಯನವರು ಅವಳ ತಲೆ ನೇವರಿಸಿ ಗಡಿಯಾರ ನೋಡಿದರು. ನಾಲ್ಕೂ ಮುಕ್ಕಾಲು. ಗೂಟದಿಂದ ಶರ್ಟು ತೆಗೆದು ಹಾಕಿಕೊಂಡು, ಕ್ಯಾಂಪಿನ ಚೀಲ ಎತ್ತಿಕೊಂಡು ಹೊರಟರು.

ಹೀಗೆ ಒಂದು ಕಡೆ ಮೇಷ್ಟ್ರ ಪಾಸು, ಇನ್ನೊಂದು ಕಡೆ ಕದರಯ್ಯನ ಮಂಡಿ. ತಕ್ಕಡಿ ಎರಡೂ ಕಡೆ ಸಮವಾಗಿ ತೂಗುತ್ತಿತ್ತು. “ಕುಣಿತದ ವಿಷಯಕ್ಕೆ ಕುದುರೆ ಯಾಕೆ ಬೇಕು? ಗುಬ್ಬಿಗೆ ಹೋಗಿ,” ಎಂದು ಮೇಷ್ಟ್ರೇ ದಾರಿ ತೋರಿಸಿದರು. ಗುಬ್ಬಿಯಲ್ಲಿ ರಂಗಯ್ಯ ಎಂಬ ಹಳಬರಿದ್ದರು. ಆರನೇ ವಯಸ್ಸಿನಲ್ಲಿ ನಾಟಕದ ಕಂಪನಿ ಸೇರಿ, ಮೂವತ್ತು ವರ್ಷ ರಾಣಿಯ ಪಾರ್ಟು ಮಾಡಿದವರು. ಈಗಲೂ ಅವರು ಬಾವಿಯಿಂದ ನೀರು ಸೇದುವುದನ್ನು ನೋಡಲು ಜನ ನಿಲ್ಲುತ್ತಿದ್ದರಂತೆ.

ವಿಜಯದಶಮಿಯ ಹಿಂದಿನ ದಿನ ತಂದೆ, ತಾಯಿ, ಮಗಳು ಮೂವರೂ ಹೊರಟರು. ಗುಬ್ಬಿಯಲ್ಲಿ ರಂಗಯ್ಯನವರ ಮನೆ ಹೆದ್ದಾರಿಯ ಮೇಲೆಯೇ. ನಾಲ್ಕು ಗಂಟೆಗೆ ಬೆಂಗಳೂರಿನ ಬಸ್ಸು ಮನೆ ಮುಂದೆಯೇ ಕೈ ತೋರಿಸಿದರೆ ನಿಲ್ಲುತ್ತದೆ. ರಂಗಯ್ಯನವರು ‘ಆಗಬಹುದು’ ಅಂದರೆ ಅಲ್ಲಿಂದಲೇ ನೇರ ಬೆಂಗಳೂರು. ಅದಕ್ಕಾಗಿ ಒಂದು ಪುಟ್ಟ ತಗಡಿನ ಪೆಟ್ಟಿಗೆಯಲ್ಲಿ ನೀಲಿಯ ನಾಲ್ಕು ಲಂಗ, ಎರಡು ಟೇಪು, ಒಂದು ಡಬ್ಬಿ ಕೊಬ್ಬರಿ ಮಿಠಾಯಿ ತುಂಬಿದ್ದರು. ಪೆಟ್ಟಿಗೆ ಹೊಂಬಾಳಮ್ಮನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಆಕೆ ಅದರ ಚಿಲಕವನ್ನು ತೆಗೆಯುವುದು, ಹಾಕುವುದು, ತೆಗೆಯುವುದು, ಹಾಕುವುದು. ಕೊಟ್ಟ ಮಾತಿಗೆ ತಪ್ಪುವವರಲ್ಲ ಆಕೆ. ನೀಲಿ ಮಾತ್ರ ಬಹಳ ಖುಷಿಯಲ್ಲಿದ್ದಳು. ಅಪ್ಪನ ಜೊತೆ ಬಸ್ಸು ಹತ್ತಿದ್ದು ಅದೇ ಮೊದಲು. ಇಷ್ಟು ದಿನ ಅಪ್ಪ ಬಸ್ಸು ಹತ್ತಿ ಹೋಗುವುದನ್ನು ನೋಡಿದ್ದಳು, ಅಷ್ಟೆ.

ರಂಗಯ್ಯನವರು ಜಗುಲಿಯ ಮೇಲೆ ಕೂತಿದ್ದರು. ಬಿಳಿಯ ಕೂದಲು, ಕಾಡಿಗೆ ಇಲ್ಲದಿದ್ದರೂ ಇದೆಯೆನಿಸುವ ಕಣ್ಣು. ಇವರ ಕಥೆಯನ್ನು ಕಿವಿ, ಕಾಲು, ಮಂಡಿ, ಗೊರಸು ಸಮೇತ ಪೂರ್ತಿ ಕೇಳಿಸಿಕೊಂಡರು.

“ಎಲ್ಲಾ ಸರಿ. ಮಗೂನ ಕೇಳಿದ್ರಾ?”

“ಏನಂತ?”

“ಯಾಕೆ ಹಂಗೆ ನಡೀತೀಯ ಅಂತ.”

ಸದಾಶಿವಯ್ಯನವರು ಹೆಂಡತಿಯ ಮುಖ ನೋಡಿದರು. ಮೇಷ್ಟ್ರನ್ನು ಕೇಳಿದ್ದಾಗಿತ್ತು, ಕುದುರೆಯ ಕಡೆಯಿಂದಲೂ ಅಭಿಪ್ರಾಯ ಬಂದಿತ್ತು. ಇದೊಂದು ಬಾಕಿ ಉಳಿದಿತ್ತು.

“ಅದಕ್ಕೇನ್ ತಿಳಿಯುತ್ತೆ ಸ್ವಾಮಿ, ಹುಟ್ಟಾ ಬಂದಿರೋದು. ನಾನು ಮಲಗ್ತೀನಿ, ನೀವೇ ನೋಡಿ,” ಎಂದು ಜಗುಲಿಯ ಮೇಲೆ ಟವೆಲು ಹಾಸಿ ಅಡ್ಡಾದರು. ರಂಗಯ್ಯನವರ ಮುಂದೆ ಕಳ್ಳಗಣ್ಣು ಬಿಡುವುದು ಮರ್ಯಾದೆಯಲ್ಲವೆಂದು ಈ ಸಲ ಕಣ್ಣನ್ನು ಪೂರ್ತಿ ಮುಚ್ಚಿದರು. ಬೇವಿನ ನೆರಳು ಮುಖದ ಮೇಲೆ ತಂಪಾಗಿ ಓಡಾಡಿತು. ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ನಿಧಾನವಾಗಿ ಹೋಯಿತು. ದೂರದಲ್ಲಿ ಯಾರೋ ರಾಗಿ ಬೀಸುತ್ತಿದ್ದರು. ಲೋಕವೆಲ್ಲ ಒಂದು ದೊಡ್ಡ ಭಾನುವಾರವಾಗಿದೆ ಎನಿಸಿತು ಅವರಿಗೆ.

ಕಾಲಂದುಗೆಯ ಸದ್ದು ನಿಂತಿತು. ನಡಿಗೆ ಶುರುವಾಗಿದೆ ಎಂದು ಅದರಿಂದಲೇ ತಿಳಿಯಿತು. ಸ್ವಲ್ಪ ಹೊತ್ತಿಗೆ ರಂಗಯ್ಯನವರು ಕೆಮ್ಮಿದರು.

“ಶ್...” ಎಂದಳು ನೀಲಿ. ಅವಳ ಉಸಿರು ಹತ್ತಿರದಲ್ಲೇ ಇತ್ತು. “ಸದ್ದು ಮಾಡ್ಬೇಡಿ ತಾತ.”

“ಯಾಕವ್ವ?” ರಂಗಯ್ಯನವರೂ ಪಿಸುಮಾತಿಗೆ ಇಳಿದರು.

“ನಮ್ಮಪ್ಪ ಮಲಗವ್ರೆ.”

“ಮಲಗಿದ್ರೆ?”

“ಎದ್ರೆ ಶರ್ಟ್ ಹಾಕ್ಕೊಂಡು ಹೊಂಟೋಯ್ತಾರೆ. ಮಲಗಿದ್ರೆ ಇಲ್ಲೇ ಇರ್ತಾರೆ.” ಆಮೇಲೆ ಗುಟ್ಟು ಹೇಳುವಂತೆ, “ನಾನು ಸದ್ದೇ ಮಾಡಲ್ಲ ಗೊತ್ತಾ. ಒಂದು ಸಲ ಕತ್ಲಾಗೋಗಂಟ ಮಲಗಿದ್ರು!”

ಸದಾಶಿವಯ್ಯನವರು ಕಣ್ಣು ಬಿಡಲಿಲ್ಲ. ಬಿಡುವ ಧೈರ್ಯವಿರಲಿಲ್ಲ. ಮುಚ್ಚಿದ ಕಣ್ಣಿನ ಮೂಲೆಯಿಂದ ಒಂದು ಹನಿ ಇಳಿದು ಕಿವಿಯ ಕಡೆಗೆ ಹೊರಟಿತು. ಯಾವ ಪರೀಕ್ಷೆಯೂ ಇಲ್ಲದೆ ಅದು ಕಿವಿಯನ್ನು ಮುಟ್ಟಿತು. ಐದು ವರ್ಷ. ಅಲ್ಲ, ನಾಲ್ಕೂ ಮುಕ್ಕಾಲು. ಅಷ್ಟು ಕಾಲದಲ್ಲಿ ಈ ಮಗುವಿಗೆ ಸಿಕ್ಕ ಅಪ್ಪ ಈ ಮಲಗಿದ ಅಪ್ಪನೊಬ್ಬನೇ. ಆ ಅಪ್ಪನನ್ನು ಅವಳು ತುದಿಬೆರಳಲ್ಲಿ ನಿಂತು ಕಾಯುತ್ತಿದ್ದಳು. ಎಷ್ಟೋ ಊರಿನ ತಕ್ಕಡಿಗಳ ತಪ್ಪು ಹಿಡಿದ ಮನುಷ್ಯನಿಗೆ ತನ್ನ ಮನೆಯ ತಕ್ಕಡಿ ಒಂದೇ ಕಡೆ ವಾಲಿದ್ದು ಕಂಡಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ದುಃಖವಾಯಿತು, ಅದರ ಜೊತೆಗೇ ಹೇಳಲಾರದಷ್ಟು ಸಂತೋಷವೂ ಆಯಿತು.

ಹೆದ್ದಾರಿಯ ತಿರುವಿನಲ್ಲಿ ಹಾರನ್ ಕೇಳಿತು. ಬಸ್ಸು ಬಂದು, ಯಾರನ್ನೋ ಇಳಿಸಿ, ಇಂಜಿನ್ ಗುರುಗುಟ್ಟಿಸುತ್ತ ನಿಂತಿತು. ಕಂಡಕ್ಟರ್ “ಬೆಂಗ್ಳೂರ್, ಬೆಂಗ್ಳೂರ್” ಎಂದು ಕೂಗಿದ.

ಹೊಂಬಾಳಮ್ಮ ಎದ್ದು ನಿಂತರು. ಪೆಟ್ಟಿಗೆಯ ಚಿಲಕ ಕೊನೆಯ ಸಲ ಟಕ್ ಎಂದಿತು. ಕೊಟ್ಟ ಮಾತು ಕೊಟ್ಟದ್ದೇ.

“ರೀ,” ಎಂದರು. “ಬಸ್ ಬಂತು. ಏಳ್ರಿ.”

ನೀಲಿಯ ಪುಟ್ಟ ಕೈಯೊಂದು ಬಂದು ಸದಾಶಿವಯ್ಯನವರ ಎದೆಯ ಮೇಲೆ, ಶರ್ಟಿನ ಗುಂಡಿಯ ಹತ್ತಿರ, ಮೆಲ್ಲಗೆ ಕೂತಿತು.

ಸದಾಶಿವಯ್ಯನವರು ಮಗ್ಗುಲಾಗಿ ಆ ಕೈಯನ್ನು ತಮ್ಮ ಕೆನ್ನೆಯ ಕೆಳಗೆ ಸೇರಿಸಿಕೊಂಡು, ಗುಬ್ಬಿಯ ಪೇಟೆಗೆಲ್ಲ ಕೇಳುವ ಹಾಗೆ ಒಂದು ಗೊರಕೆ ಹೊಡೆದರು.